ಜೂನ್ 2: ಜಾಗ ಬಿಟ್ಟುಕೊಟ್ಟವರ ದಿನ

(1/10)

ಜೂನ್ 2 ಅಂದ ತಕ್ಷಣ ಜಿಕೆ ಓದೋ ಗೆಳೆಯರೆಲ್ಲ ‘2014, ತೆಲಂಗಾಣ ರಾಜ್ಯ ಹುಟ್ಟಿದ ದಿನ’ ಅಂತ ಹೇಳಿಬಿಡ್ತೀರಿ. ಸರಿಯೇ. ಆದ್ರೆ ಇವತ್ತು ನಾವು ಹೋಗ್ತಿರೋದು ಅಮೆರಿಕದ ಬೇಸ್‌ಬಾಲ್ ಮೈದಾನಕ್ಕೆ.

ಅದಕ್ಕೂ ಮೊದಲು ಹೊಸ ಕ್ಲಾಸು ಶುರುವಾಗೋ ದಿನಗಳನ್ನ ನೆನಪಿಸಿಕೊಳ್ಳಿ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಂದು ವಾರ ಕೂತಿರ್ತೀರಿ, ಅದು ‘ನನ್ನ ಜಾಗ’ ಆಗಿಬಿಟ್ಟಿರುತ್ತೆ. ಒಂದು ದಿನ ಜ್ವರ ಅಂತ ರಜೆ ಹಾಕಿ ಬಂದು ನೋಡಿದ್ರೆ ಅಲ್ಲಿ ಬೇರೆ ಯಾರೋ ಕೂತಿರ್ತಾರೆ. ಎದ್ದೇಳು ಅನ್ನೋಕೂ ಆಗಲ್ಲ, ಸುಮ್ಮನೆ ಹಿಂದಿನ ಬೆಂಚಿಗೆ ಹೋಗೋಕೂ ಮನಸ್ಸು ಬರಲ್ಲ.

ಆ ಸಣ್ಣ ಸಂಕಟ ಗೊತ್ತಿದ್ದರೆ ಸಾಕು, ಈ ಸರಣಿ ನಿಮಗೆ ಅರ್ಥವಾಗುತ್ತದೆ. ಬೇಸ್‌ಬಾಲ್ ಗೊತ್ತಿರಲೇಬೇಕು ಅಂತೇನಿಲ್ಲ.

1925ರ ಜೂನ್ 2ರಂದು ಒಬ್ಬ ಆಟಗಾರ ತಂಡದಲ್ಲಿ ತನ್ನ ಜಾಗ ಕಳೆದುಕೊಂಡ. 1935ರ ಜೂನ್ 2ರಂದು ಆ ಕಾಲದ ಅತಿ ದೊಡ್ಡ ಆಟಗಾರ ಮೈದಾನ ಬಿಟ್ಟು ಹೊರಟ. 1941ರ ಜೂನ್ 2ರಂದು, 1925ರಲ್ಲಿ ಆ ಜಾಗ ಪಡೆದಿದ್ದವನೇ ತೀರಿಕೊಂಡ. 2010ರ ಜೂನ್ 2ರಂದು ಒಬ್ಬ ಯುವಕನ ಕೈಗೆ ಬಂದಿದ್ದ ದಾಖಲೆ ಅಂಪೈರ್ ಒಬ್ಬರ ತಪ್ಪಿನಿಂದ ಜಾರಿಹೋಯಿತು.

ತಾರೀಖು ಒಂದೇ ಆಗಿದ್ದು ಬರೀ ಕಾಕತಾಳೀಯ. ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಆದರೆ ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದೇ ಪ್ರಶ್ನೆ ಕಾಡುತ್ತದೆ: ನಮ್ಮದು ಅಂದುಕೊಂಡಿದ್ದು ಕೈಬಿಟ್ಟು ಹೋದಾಗ ಮನುಷ್ಯ ಹೇಗೆ ನಡೆದುಕೊಳ್ತಾನೆ?

ಉತ್ತರ ಕೊನೆಯಲ್ಲಿ ನೀವೇ ಹೇಳಬೇಕು. ಬನ್ನಿ.

(2/10) ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಕಷ್ಟವೇನಲ್ಲ. ಎರಡು ನಿಮಿಷ ಸಾಕು.

ಮೈದಾನದಲ್ಲಿ ಒಂದು ಚೌಕ ಇದೆ ಅಂದುಕೊಳ್ಳಿ. ಅದರ ನಾಲ್ಕು ಮೂಲೆಗಳೇ ನಾಲ್ಕು ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಒಂದು ಮೂಲೆಯಲ್ಲಿ ಬ್ಯಾಟ್ ಹಿಡಿದವನು ನಿಲ್ಲುತ್ತಾನೆ, ಅದು ಹೋಮ್. ನಡುವೆ ನಿಂತು ಚೆಂಡು ಎಸೆಯುವವನು ಪಿಚರ್. ಬ್ಯಾಟ್‌ನವನು ಚೆಂಡು ಹೊಡೆದು ಫಸ್ಟ್ ಬೇಸ್‌ಗೆ ಓಡಬೇಕು. ಅವನಿಗಿಂತ ಮೊದಲು ಚೆಂಡು ಅಲ್ಲಿ ಕಾದಿರುವವನ ಕೈ ಸೇರಿದರೆ ಔಟ್. ಅವನ ಕಾಲು ಮೊದಲು ತಾಗಿದರೆ ಸೇಫ್. ನಾಲ್ಕೂ ಮೂಲೆ ಸುತ್ತಿ ವಾಪಸ್ ಬಂದರೆ ಒಂದು ರನ್. ಚೆಂಡನ್ನು ನೇರ ಬೇಲಿ ದಾಟಿಸಿದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ.

ಮೂರು ಔಟ್ ಆದರೆ ಒಂದು ತಂಡದ ಸರದಿ ಮುಗಿಯಿತು. ಇಂಥ ಒಂಬತ್ತು ಇನಿಂಗ್ಸ್. ಅಂದ್ರೆ ಪೂರ್ತಿ ಪಂದ್ಯ ಗೆಲ್ಲೋಕೆ ಸಾಮಾನ್ಯವಾಗಿ ಎದುರಾಳಿಯ 27 ಔಟ್ ಬೇಕು. ಈ 27 ಅನ್ನೋ ಸಂಖ್ಯೆ ತಲೆಯಲ್ಲಿರಲಿ, 8ನೇ ಭಾಗಕ್ಕೆ ಬೇಕಾಗುತ್ತೆ.

ಇನ್ನೊಂದು ಮಾತು. ಬೇಸ್‌ಬಾಲ್ ವಾರಕ್ಕೊಮ್ಮೆ ಆಡುವ ಆಟ ಅಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಮುಗಿಯೋವರೆಗೆ ಹೆಚ್ಚುಕಮ್ಮಿ ದಿನಾ ಪಂದ್ಯ. ಆಗ ಒಂದು ಸೀಸನ್‌ಗೆ 154 ಪಂದ್ಯ, ಈಗ 162. ರೈಲು, ಹೋಟೆಲ್, ಬಿಸಿಲು, ಗಾಯ, ಮತ್ತೆ ಮೈದಾನ. ಹಾಗಾಗಿ ಇಲ್ಲಿ ಚೆನ್ನಾಗಿ ಆಡೋದು ಎಷ್ಟು ದೊಡ್ಡದೋ, ದಿನಾ ಬಂದು ನಿಲ್ಲೋದೂ ಅಷ್ಟೇ ದೊಡ್ಡದು.

ಒಬ್ಬ ಮನುಷ್ಯ ಹೀಗೆ ಒಂದೂ ಪಂದ್ಯ ತಪ್ಪಿಸದೆ ಸತತವಾಗಿ 2,130 ಪಂದ್ಯ ಆಡಿದ. ಅವನ ಕಥೆ ಶುರುವಾಗೋದು ಇನ್ನೊಬ್ಬನ ಜಾಗದಲ್ಲಿ.

(3/10) 1925: ಫಸ್ಟ್ ಬೇಸ್‌ನಲ್ಲಿ ಹೊಸ ಹುಡುಗ

ನ್ಯೂಯಾರ್ಕ್ ಯಾಂಕೀಸ್. ಇವತ್ತು ಅದು ಬೇಸ್‌ಬಾಲ್‌ನ ಅತಿ ದೊಡ್ಡ ಹೆಸರು. ಆದರೆ 1925 ಆ ತಂಡಕ್ಕೆ ಕೆಟ್ಟ ವರ್ಷ. ಅವರ ತಾರೆ ಬೇಬ್ ರೂತ್ ಕಾಯಿಲೆ ಬಿದ್ದು, ಆಪರೇಷನ್ ಮಾಡಿಸಿಕೊಂಡು, ಜೂನ್ 1ಕ್ಕಷ್ಟೇ ಮೈದಾನಕ್ಕೆ ವಾಪಸ್ ಬಂದಿದ್ದ. ತಂಡ ಸೋಲುತ್ತಲೇ ಇತ್ತು. ಆ ವರ್ಷದ ಕೊನೆಗೆ 8 ತಂಡಗಳ ಪಟ್ಟಿಯಲ್ಲಿ ಯಾಂಕೀಸ್ ಬಂದು ನಿಂತಿದ್ದು 7ನೇ ಜಾಗಕ್ಕೆ.

ತಂಡದ ಫಸ್ಟ್ ಬೇಸ್ ಕಾಯುತ್ತಿದ್ದವನು ವಾಲಿ ಪಿಪ್. ಸಾಮಾನ್ಯ ಆಟಗಾರ ಅಲ್ಲ. 1916 ಮತ್ತು 1917, ಎರಡೂ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವನು ಇವನೇ. ಹತ್ತು ವರ್ಷದಿಂದ ಆ ಜಾಗ ಅವನದ್ದೇ.

ಬೆಂಚಿನಲ್ಲಿ ಕಾಯುತ್ತಿದ್ದವನು ಲೂ ಗೆರಿಗ್. ಇನ್ನೂ 21 ವರ್ಷ. ಜರ್ಮನಿಯಿಂದ ಬಂದ ಬಡ ದಂಪತಿಯ ಮಗ, ನ್ಯೂಯಾರ್ಕ್‌ನಲ್ಲೇ ಹುಟ್ಟಿದವನು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಯಾಂಕೀಸ್ ಕಣ್ಣಿಗೆ ಬಿದ್ದಿದ್ದ. ಅಗಲ ಭುಜ, ಕಡಿಮೆ ಮಾತು.

ಜೂನ್ 1ರಂದು ಪೀ ವೀ ವಾನಿಂಗರ್ ಎಂಬ ಆಟಗಾರನ ಬದಲಿಗೆ ಗೆರಿಗ್‌ನನ್ನು ಒಂದೇ ಒಂದು ಸಲ ಬ್ಯಾಟ್ ಮಾಡಲು ಕಳಿಸಿದರು. 2,130ರ ಎಣಿಕೆಯಲ್ಲಿ ಅದೇ ಮೊದಲನೆಯದು. ಮರುದಿನ, ಜೂನ್ 2ರಂದು, ವಾಷಿಂಗ್ಟನ್ ತಂಡದ ವಿರುದ್ಧದ ಪಂದ್ಯಕ್ಕೆ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಪಟ್ಟಿ ಬರೆದಾಗ ಫಸ್ಟ್ ಬೇಸ್ ಎದುರು ಪಿಪ್ ಹೆಸರಿರಲಿಲ್ಲ, ಗೆರಿಗ್ ಹೆಸರಿತ್ತು. ಹುಡುಗ ಮೂರು ಹಿಟ್ ಹೊಡೆದ, ತಂಡ ಗೆದ್ದಿತು.

ಆ ಜಾಗ ಪಿಪ್‌ಗೆ ಮತ್ತೆ ಸಿಗಲೇ ಇಲ್ಲ. ಆ ಸೀಸನ್ ಮುಗಿದ ಮೇಲೆ ಅವನನ್ನು ಸಿನ್ಸಿನಾಟಿ ತಂಡಕ್ಕೆ ಕೊಟ್ಟುಬಿಟ್ಟರು.

ಇಲ್ಲೊಂದು ತಮಾಷೆ ನೋಡಿ. ಗೆರಿಗ್‌ಗಿಂತ ಮೊದಲು ಸತತ ಪಂದ್ಯಗಳ ದಾಖಲೆ ಇದ್ದದ್ದು ಅದೇ ತಂಡದ ಎವರೆಟ್ ಸ್ಕಾಟ್ ಹೆಸರಲ್ಲಿ, 1,307 ಪಂದ್ಯ. 1925ರ ಮೇ ತಿಂಗಳಲ್ಲಿ ಆ ಸರಪಳಿ ಮುರಿಯಿತು. ಸ್ಕಾಟ್‌ನನ್ನು ಕೂರಿಸಿ ಆಡಿಸಿದ್ದು ಯಾರನ್ನು ಗೊತ್ತಾ? ಅದೇ ಪೀ ವೀ ವಾನಿಂಗರ್‌ನನ್ನು. ಒಂದು ಸರಪಳಿ ಅವನಿಂದ ಮುರಿಯಿತು, ಇನ್ನೊಂದು ಅವನ ಬದಲಿಗೆ ಬಂದವನಿಂದ ಶುರುವಾಯಿತು. ಪಾಪ, ವಾನಿಂಗರ್ ಹೆಸರು ಇವತ್ತು ಇಂಥ ಕ್ವಿಜ್ ಪ್ರಶ್ನೆಗೆ ಮಾತ್ರ!

(4/10) ಆ ತಲೆನೋವಿನ ಕಥೆ

ಪಿಪ್ ಬಗ್ಗೆ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ ಹೀಗಿದೆ. ಅವತ್ತು ಪಿಪ್‌ಗೆ ತಲೆನೋವಂತೆ. ಎರಡು ಆಸ್ಪಿರಿನ್ ಮಾತ್ರೆ ಕೇಳಿದನಂತೆ. ಮ್ಯಾನೇಜರ್ ಹಗಿನ್ಸ್, ಇವತ್ತೊಂದು ದಿನ ವಿಶ್ರಾಂತಿ ತಗೋ, ಆ ಹುಡುಗನನ್ನು ಆಡಿಸ್ತೀನಿ ಅಂದನಂತೆ. ಆ ಒಂದು ದಿನ ಮುಂದೆ ಸುಮಾರು 14 ವರ್ಷ ಆಯಿತು.

ಎಂಥ ಕಥೆ ಅಲ್ವಾ? ಇವತ್ತಿಗೂ ಅಲ್ಲಿ ಯಾರಾದರೂ ರಜೆ ಹಾಕಿ ಬಂದು ತಮ್ಮ ಕೆಲಸ ಇನ್ನೊಬ್ಬರ ಪಾಲಾಗಿದ್ದು ನೋಡಿದರೆ ‘ಪಿಪ್ ಆದೆ’ ಅನ್ನೋ ರೂಢಿ ಇದೆ.

ಆದರೆ ಇತಿಹಾಸ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ದಿನ ಬದಲಾಗಿದ್ದು ಪಿಪ್ ಒಬ್ಬನೇ ಅಲ್ಲ. ಸೆಕೆಂಡ್ ಬೇಸ್‌ನ ಆರನ್ ವಾರ್ಡ್, ಕ್ಯಾಚರ್ ವಾಲಿ ಶಾಂಗ್ ಇವರನ್ನೂ ಹಗಿನ್ಸ್ ಕೂರಿಸಿದ್ದ. ಮೂವರಿಗೂ ಒಂದೇ ದಿನ ತಲೆನೋವು ಬಂತಾ? ಇಲ್ಲ. ತಂಡ ಸೋಲುತ್ತಿತ್ತು, ಪಿಪ್‌ನ ಫಾರ್ಮ್ ಹೋಗಿತ್ತು, ಮ್ಯಾನೇಜರ್ ಪಟ್ಟಿ ಅಲ್ಲಾಡಿಸಿದ. ಅಷ್ಟೇ.

ಹಾಗಾದ್ರೆ ತಲೆನೋವು ಎಲ್ಲಿಂದ ಬಂತು? ಸರಿಯಾಗಿ ಒಂದು ತಿಂಗಳ ನಂತರ, ಜುಲೈ 2ರಂದು, ಅಭ್ಯಾಸದ ವೇಳೆ ಚೆಂಡೊಂದು ಪಿಪ್ ತಲೆಗೆ ಬಡಿದು ಅವನು ಆಸ್ಪತ್ರೆ ಸೇರಿದ. ಆಗಲೇ ಅವನ ಜಾಗ ಗೆರಿಗ್ ಕೈಯಲ್ಲಿತ್ತು. ವರ್ಷಗಳು ಕಳೆದ ಹಾಗೆ ಎರಡೂ ಘಟನೆ ಬೆರೆತು ಒಂದೇ ಕಥೆ ಆಗಿರಬೇಕು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸುಳ್ಳು ಕಥೆ ಪಿಪ್‌ಗೆ ಅನ್ಯಾಯ ಮಾಡುತ್ತೆ. ಅದರಲ್ಲಿ ಅವನು ಸೋಮಾರಿ, ಸಣ್ಣ ನೋವಿಗೆ ರಜೆ ಕೇಳಿದವನು. ನಿಜದಲ್ಲಿ ಅವನು ಹತ್ತು ವರ್ಷ ದುಡಿದು, ಕೆಲವು ವಾರ ಸರಿಯಾಗಿ ಆಡದೆ ಜಾಗ ಕಳೆದುಕೊಂಡ ಮನುಷ್ಯ. ನಮ್ಮಲ್ಲಿ ಎಷ್ಟೋ ಜನರ ಹಾಗೆ.

ನನ್ನದೇ ಹೇಳ್ತೀನಿ. ಪಿಯುಸಿಯಲ್ಲಿ ಕ್ವಿಜ್ ತಂಡದಲ್ಲಿದ್ದೆ. ಒಂದು ಸ್ಪರ್ಧೆಗೆ ಜ್ವರ ಬಂತು, ನನ್ನ ಬದಲು ಗೆಳತಿ ಹೋದಳು, ಕಪ್ ತಂದಳು. ಆಮೇಲೆ ಅವಳೇ ಹೋದಳು. ‘ಜ್ವರ ಬರದಿದ್ರೆ’ ಅಂತ ತುಂಬಾ ದಿನ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ನಿಜ ಏನಂದ್ರೆ ಅವಳು ನನಗಿಂತ ಚೆನ್ನಾಗಿ ಓದಿಕೊಂಡಿದ್ದಳು. ಜ್ವರ ಅನ್ನೋದು ನನ್ನ ಆಸ್ಪಿರಿನ್ ಕಥೆ.

(5/10) 1935: ಬೇಬ್ ರೂತ್ ಹೊರಟ ದಿನ

ಹತ್ತು ವರ್ಷ ಮುಂದೆ ಹೋಗೋಣ. ಯಾಂಕೀಸ್ ಈಗ ಚಾಂಪಿಯನ್ ತಂಡ. ಬೇಬ್ ರೂತ್, ಗೆರಿಗ್ ಒಬ್ಬರ ಹಿಂದೊಬ್ಬರು ಬ್ಯಾಟ್ ಹಿಡಿದು ಬಂದರೆ ಎದುರಾಳಿ ಪಿಚರ್‌ಗಳು ನಡುಗುತ್ತಿದ್ದ ಕಾಲವೊಂದಿತ್ತು. ಆದರೆ 1935ಕ್ಕೆ ರೂತ್‌ಗೆ 40 ವರ್ಷ. ಹೊಟ್ಟೆ ಮುಂದೆ ಬಂದಿದೆ, ಕಾಲು ಓಡಲ್ಲ.

ಅವನಿಗೊಂದು ಆಸೆ ಇತ್ತು: ಆಡೋದು ಮುಗಿದ ಮೇಲೆ ತಂಡದ ಮ್ಯಾನೇಜರ್ ಆಗಬೇಕು. ಯಾಂಕೀಸ್ ಕೊಡಲಿಲ್ಲ. ಬಾಸ್ಟನ್ ಬ್ರೇವ್ಸ್ ತಂಡದ ಮಾಲೀಕ ಎಮಿಲ್ ಫುಕ್ಸ್ ಕರೆದ. ಉಪಾಧ್ಯಕ್ಷ, ಸಹಾಯಕ ಮ್ಯಾನೇಜರ್ ಅಂತ ದೊಡ್ಡ ದೊಡ್ಡ ಹೆಸರು ಕೊಟ್ಟ. ಮುಂದೆ ಮ್ಯಾನೇಜರ್ ಆಗಬಹುದು ಅನ್ನೋ ಆಸೆಯನ್ನೂ ತೋರಿಸಿದ. ರೂತ್ ನಂಬಿ ಹೋದ. ಹೋದ ಮೇಲೆ ಗೊತ್ತಾಯಿತು, ಅವರಿಗೆ ಬೇಕಿದ್ದದ್ದು ಟಿಕೆಟ್ ಮಾರೋಕೆ ಅವನ ಹೆಸರು ಮಾತ್ರ.

ಮೇ 25ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದು ಪವಾಡ ನಡೆಯಿತು. ಅದೇ ಮುದಿ ರೂತ್ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದ. ಮೂರನೆಯದು ಫೋರ್ಬ್ಸ್ ಫೀಲ್ಡ್‌ನ ಬಲಗಡೆಯ ಛಾವಣಿಯನ್ನೇ ದಾಟಿ ಹೊರಗೆ ಬಿತ್ತು. ಅದು ಅವನ 714ನೇ ಹೋಮ್ ರನ್, ಕೊನೆಯದೂ ಹೌದು. ಅವತ್ತೇ ನಿಲ್ಲಿಸಿದ್ದರೆ ಸಿನಿಮಾ ಕ್ಲೈಮ್ಯಾಕ್ಸ್ ಆಗ್ತಿತ್ತು.

ಆದರೆ ಅವನು ನಿಲ್ಲಿಸಲಿಲ್ಲ. ಇನ್ನೂ ಕೆಲವು ದಿನ ಆಡಿದ, ಸರಿಹೋಗಲಿಲ್ಲ. ಜೂನ್ 2ರಂದು, ಫ್ರಾನ್ಸ್‌ನಿಂದ ಮೊದಲ ಸಲ ನ್ಯೂಯಾರ್ಕ್‌ಗೆ ಬರುತ್ತಿದ್ದ ನಾರ್ಮಂಡಿ ಎಂಬ ಹಡಗಿನ ಸಮಾರಂಭಕ್ಕೆ ಹೋಗ್ತೀನಿ ಅಂತ ರಜೆ ಕೇಳಿದ ವಿಷಯಕ್ಕೇ ಮಾಲೀಕನ ಜೊತೆ ಜಟಾಪಟಿ ಆಯಿತು. ರೂತ್ ನಾನು ಬಿಡ್ತಿದ್ದೀನಿ ಅಂದ, ಮಾಲೀಕ ನಾನೇ ಅವನನ್ನು ತೆಗೆದುಹಾಕಿದೆ ಅಂದ. ಬೇಸ್‌ಬಾಲ್ ಅನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ ಮನುಷ್ಯ ಹೊರಟಿದ್ದು ಹೀಗೆ, ಜಗಳ ಮಾಡ್ಕೊಂಡು.

ಆ ವರ್ಷ ಬ್ರೇವ್ಸ್ ಗೆದ್ದಿದ್ದು 38, ಸೋತಿದ್ದು 115. ರೂತ್ 1938ರಲ್ಲಿ ಬ್ರೂಕ್ಲಿನ್ ತಂಡಕ್ಕೆ ಕೋಚ್ ಆಗಿ ಹೋದ, ಆದರೆ ಯಾವ ದೊಡ್ಡ ತಂಡಕ್ಕೂ ಮ್ಯಾನೇಜರ್ ಆಗಲೇ ಇಲ್ಲ. 714ರ ದಾಖಲೆ 1974ರ ಏಪ್ರಿಲ್ 8ರವರೆಗೆ ಉಳಿಯಿತು. ಅದನ್ನು ಮುರಿದ ಹ್ಯಾಂಕ್ ಆರನ್ ಆಡುತ್ತಿದ್ದದ್ದು ಅಟ್ಲಾಂಟಾ ಬ್ರೇವ್ಸ್‌ಗೆ. ಬಾಸ್ಟನ್ ಬಿಟ್ಟು, ಮಿಲ್ವಾಕಿ ಸುತ್ತಿ, ಅಟ್ಲಾಂಟಾಕ್ಕೆ ಹೋದ ಅದೇ ಬ್ರೇವ್ಸ್!

(6/10) 2,130

ರೂತ್ ಹೋದ. ಗೆರಿಗ್ ಇನ್ನೂ ಆಡ್ತಿದ್ದ. ದಿನಾ.

ಬೆರಳು ಮುರಿದಾಗಲೂ ಆಡಿದ, ಬೆನ್ನು ಹಿಡಿದಾಗಲೂ ಆಡಿದ. ನಂತರ ತೆಗೆದ ಕೈಯ ಎಕ್ಸ್‌ರೇಯಲ್ಲಿ, ಅವನು ಯಾರಿಗೂ ದೊಡ್ಡದು ಮಾಡದೆ ಹೊತ್ತು ತಿರುಗಿದ್ದ ಹಲವು ಹಳೆಯ ಮುರಿತಗಳು ಕಂಡವು. ಅಭಿಮಾನಿಗಳು ಅವನನ್ನು ‘ಕಬ್ಬಿಣದ ಕುದುರೆ’ ಅಂತ ಕರೆದರು. ಒಟ್ಟು 493 ಹೋಮ್ ರನ್.

ಆದರೆ ದಾಖಲೆ ಪೂರ್ತಿ ಪವಿತ್ರ ಅಂತಲೂ ಅಲ್ಲ, ಅದನ್ನೂ ಹೇಳಬೇಕು. 1934ರಲ್ಲಿ ಒಮ್ಮೆ ಬೆನ್ನುನೋವಿನಿಂದ ನೆಟ್ಟಗೆ ನಿಲ್ಲೋಕೂ ಆಗದಿದ್ದಾಗ, ಸರಪಳಿ ತಪ್ಪದಿರಲಿ ಅಂತ ಅವನನ್ನು ಮೊದಲ ಬ್ಯಾಟರ್ ಆಗಿ ಕಳಿಸಿದರು. ಒಂದು ಹಿಟ್ ಹೊಡೆದ, ತಕ್ಷಣ ಹೊರಗೆ ಬಂದ. ಪಟ್ಟಿಯಲ್ಲಿ ‘ಆಡಿದ್ದಾನೆ’ ಅಂತಲೇ ಬಿತ್ತು.

1938ರಿಂದ ಏನೋ ಸರಿಯಿಲ್ಲ ಅನ್ನಿಸತೊಡಗಿತು. 1939ರ ಸೀಸನ್ ಶುರುವಾದಾಗ ಮೊದಲಿನ ಗೆರಿಗ್ ಇರಲಿಲ್ಲ. ಹೊಡೆದ ಚೆಂಡಿಗೆ ಬಲ ಇಲ್ಲ, ಓಡುವಾಗ ಕಾಲು ಮಾತು ಕೇಳುತ್ತಿಲ್ಲ. ಎಂಟು ಪಂದ್ಯಗಳಲ್ಲಿ ನಾಲ್ಕೇ ಹಿಟ್. ಮ್ಯಾನೇಜರ್ ಜೋ ಮೆಕಾರ್ಥಿಗೆ ಅವನನ್ನು ಕೂರಿಸೋ ಮನಸ್ಸಿಲ್ಲ. ಯಾರು ತಾನೇ ಆ ಸರಪಳಿ ಮುರಿಯೋ ಪಾಪ ಹೊತ್ತುಕೊಳ್ತಾರೆ?

ಮೇ 2ರಂದು, ಡೆಟ್ರಾಯಿಟ್‌ನಲ್ಲಿ, ಗೆರಿಗ್ ತಾನೇ ಹೋಗಿ ಹೇಳಿದ: ಇವತ್ತು ನನ್ನನ್ನು ಆಡಿಸಬೇಡಿ, ತಂಡಕ್ಕೆ ಒಳ್ಳೇದಾಗುತ್ತೆ. ಅವನು ತಂಡದ ನಾಯಕ ಆಗಿದ್ದರಿಂದ ಅವತ್ತಿನ ಆಟಗಾರರ ಪಟ್ಟಿಯನ್ನು ಅಂಪೈರ್‌ಗಳ ಕೈಗೆ ಕೊಡೋದು ಅವನ ಕೆಲಸ. ತನ್ನ ಹೆಸರಿಲ್ಲದ ಆ ಪಟ್ಟಿಯನ್ನು ತಾನೇ ಒಯ್ದು ಕೊಟ್ಟ. ವಿಷಯವನ್ನು ಮೈಕಿನಲ್ಲಿ ಹೇಳಿದಾಗ ಎದುರಾಳಿ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫಸ್ಟ್ ಬೇಸ್‌ಗೆ ಬೇಬ್ ಡಾಲ್‌ಗ್ರೆನ್ ಎಂಬವನು ಹೋಗಿ ನಿಂತ.

ಅವತ್ತು ಆ ಮೈದಾನದ ಪ್ರೇಕ್ಷಕರಲ್ಲಿ ಒಬ್ಬ ಮಾಜಿ ಆಟಗಾರ ಇದ್ದ. ಅದೇ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ್ದವನು, ಪಂದ್ಯ ನೋಡಲು ಬಂದಿದ್ದ. ಹೆಸರು ವಾಲಿ ಪಿಪ್.

ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಇದ್ದ.

(7/10) 1941: ಅದೇ ತಾರೀಖು

1939ರ ಜೂನ್ 19, ಗೆರಿಗ್‌ನ 36ನೇ ಹುಟ್ಟುಹಬ್ಬ. ಅವತ್ತೇ ಮೇಯೋ ಕ್ಲಿನಿಕ್ ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಎ.ಎಲ್.ಎಸ್. ಮೆದುಳು, ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುವ ರೋಗ. ಕೈಕಾಲು ಸೋಲುತ್ತದೆ, ಮಾತು ಸೋಲುತ್ತದೆ, ಕೊನೆಗೆ ಉಸಿರು. ಹೆಚ್ಚಿನವರಲ್ಲಿ ಬುದ್ಧಿ ಮಾತ್ರ ಕೊನೆಯವರೆಗೂ ಎಚ್ಚರ ಇರುತ್ತದೆ. ಸ್ಟೀಫನ್ ಹಾಕಿಂಗ್ ಅವರಿಗೆ ಇದ್ದದ್ದೂ ಇದೇ ಕಾಯಿಲೆ.

ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ ಗೆರಿಗ್‌ಗೆ ಸನ್ಮಾನ. 60,000ಕ್ಕೂ ಹೆಚ್ಚು ಜನ. ಅವನ 4ನೇ ನಂಬರನ್ನು ಇನ್ಯಾರಿಗೂ ಕೊಡೋದಿಲ್ಲ ಎಂದು ತಂಡ ಘೋಷಿಸಿತು. ದೊಡ್ಡ ಲೀಗ್‌ಗಳಲ್ಲಿ ಒಬ್ಬ ಆಟಗಾರನ ನಂಬರಿಗೆ ಹೀಗೆ ವಿದಾಯ ಹೇಳಿದ್ದು ಅದೇ ಮೊದಲು. ಮೈಕಿನ ಮುಂದೆ ನಿಂತ ಗೆರಿಗ್ ತನ್ನ ದುರದೃಷ್ಟದ ಬಗ್ಗೆ ಅಳಲಿಲ್ಲ. ಭೂಮಿ ಮೇಲೆ ನನಗಿಂತ ಅದೃಷ್ಟವಂತ ಇಲ್ಲ ಅಂತ ಅನ್ನಿಸುತ್ತೆ ಅಂದ. ಜೊತೆ ಆಟಗಾರರನ್ನು, ಎದುರಾಳಿಗಳನ್ನು, ಮೈದಾನದ ಕೆಲಸಗಾರರನ್ನು, ಅಪ್ಪ ಅಮ್ಮನನ್ನು, ಹೆಂಡತಿಯನ್ನು, ಅತ್ತೆಯನ್ನೂ ನೆನೆದ.

ಅಲ್ಲಿ ಬೇಬ್ ರೂತ್ ಕೂಡ ಇದ್ದ. ಇಬ್ಬರೂ ಕೆಲವು ವರ್ಷಗಳಿಂದ ಮಾತು ಬಿಟ್ಟಿದ್ದರು. ಅವತ್ತು ರೂತ್ ಬಂದು ಗೆರಿಗ್‌ನನ್ನು ತಬ್ಬಿಕೊಂಡ. ಆ ಫೋಟೊ ಹುಡುಕಿ ನೋಡಿ.

ಆಡೋಕೆ ಆಗದವನು ಮನೆಯಲ್ಲಿ ಕೂರಲಿಲ್ಲ. ಮೇಯರ್ ಲಾ ಗಾರ್ಡಿಯಾ ಕೊಟ್ಟ ಕೆಲಸ ಒಪ್ಪಿಕೊಂಡು ನ್ಯೂಯಾರ್ಕ್ ನಗರದ ಪೆರೋಲ್ ಮಂಡಳಿಗೆ ಸೇರಿದ. ಜೈಲಿನಿಂದ ಯಾರನ್ನು ಬಿಡಬಹುದು ಅಂತ ಕಡತ ಓದಿ ತೀರ್ಮಾನಿಸೋ ಕೆಲಸ. ದೇಹ ಪೂರ್ತಿ ಸೋಲುವವರೆಗೂ ಮಾಡಿದ.

1941ರ ಜೂನ್ 2ರ ರಾತ್ರಿ, ನ್ಯೂಯಾರ್ಕ್‌ನ ತನ್ನ ಮನೆಯಲ್ಲಿ ಲೂ ಗೆರಿಗ್ ತೀರಿಕೊಂಡ. ವಯಸ್ಸು 37. ಪಿಪ್‌ನ ಜಾಗಕ್ಕೆ ಹೋಗಿ ನಿಂತ ದಿನದಿಂದ ಸರಿಯಾಗಿ 16 ವರ್ಷ.

(8/10) 2010: 27ನೇ ಔಟ್

ಈಗ ನಿಮ್ಮಲ್ಲಿ ಹಲವರು ಹುಟ್ಟಿದ ಮೇಲಿನ ಕಥೆ.

2010ರ ಜೂನ್ 2. ಅವತ್ತಿನ ದೊಡ್ಡ ಸುದ್ದಿ ಆಗಬೇಕಿದ್ದದ್ದು ಸಿಯಾಟಲ್‌ನ ಕೆನ್ ಗ್ರಿಫಿ ಜೂನಿಯರ್ ನಿವೃತ್ತಿ. 630 ಹೋಮ್ ರನ್ ಹೊಡೆದವನು, 1990ರಲ್ಲಿ ತನ್ನ ತಂದೆಯ ಜೊತೆಗೇ ಒಂದೇ ತಂಡದಲ್ಲಿ ಆಡಿದವನು. ಸಂಜೆಯಾಗುತ್ತಲೇ ಎಲ್ಲರ ಕಣ್ಣು ಮತ್ತೆ ಡೆಟ್ರಾಯಿಟ್ ಕಡೆ ತಿರುಗಿತು.

ಡೆಟ್ರಾಯಿಟ್ ಟೈಗರ್ಸ್ ಮತ್ತು ಕ್ಲೀವ್‌ಲ್ಯಾಂಡ್ ನಡುವೆ ಪಂದ್ಯ. ಟೈಗರ್ಸ್ ಪಿಚರ್ ವೆನೆಜುವೆಲಾದ ಆರ್ಮಾಂಡೋ ಗಲರಾಗ, 28 ವರ್ಷ. ಕೆಲವೇ ವಾರಗಳ ಹಿಂದೆ ಟೊಲೆಡೊದ ಕೆಳಹಂತದ ತಂಡದಿಂದ ಮೇಲೆ ಕರೆಸಿಕೊಂಡಿದ್ದರು. ತಂಡದಲ್ಲಿ ಅವನ ಜಾಗವೇ ಗಟ್ಟಿ ಇರಲಿಲ್ಲ.

ಆ 27 ನೆನಪಿದೆಯಲ್ಲ? ಒಬ್ಬ ಪಿಚರ್ 27 ಜನರನ್ನೂ ಬಂದ ಹಾಗೇ ಔಟ್ ಮಾಡಿ, ಒಬ್ಬನೂ ಫಸ್ಟ್ ಬೇಸ್ ಮುಟ್ಟದ ಹಾಗೆ ಪಂದ್ಯ ಮುಗಿಸಿದರೆ ಅದನ್ನು ಪರ್ಫೆಕ್ಟ್ ಗೇಮ್ ಅಂತಾರೆ. 1880ರಿಂದ ಆವತ್ತಿನವರೆಗೆ ಅಂಥದ್ದು ಆಗಿದ್ದು 20 ಸಲ ಮಾತ್ರ.

ಗಲರಾಗ 26 ಜನರನ್ನು ಔಟ್ ಮಾಡಿದ್ದ. ಒಂಬತ್ತನೇ ಇನಿಂಗ್ಸ್‌ನ ಮೊದಲ ಚೆಂಡು ದೂರ ಹಾರಿತ್ತು. ಆಸ್ಟಿನ್ ಜಾಕ್ಸನ್ ಬೆನ್ನು ತಿರುಗಿಸಿ ಓಡೋಡಿ, ಭುಜದ ಮೇಲಿಂದ ಹಿಡಿದಿದ್ದ. ಇವತ್ತು ಆಗೇ ಆಗುತ್ತೆ ಅಂತ ಎಲ್ಲರಿಗೂ ಅನ್ನಿಸಿಬಿಟ್ಟಿತ್ತು.

27ನೆಯವನು ಜೇಸನ್ ಡೊನಾಲ್ಡ್. ಹೊಡೆದ ಚೆಂಡು ಬಲಗಡೆ ನೆಲದಲ್ಲಿ ಉರುಳಿತು. ಮಿಗೆಲ್ ಕಬ್ರೆರಾ ಹಿಡಿದು ಫಸ್ಟ್ ಬೇಸ್ ಕಡೆ ಎಸೆದ. ಗಲರಾಗ ತಾನೇ ಓಡಿಬಂದು ಹಿಡಿದ, ಬೇಸ್ ತುಳಿದ. ಓಡಿಬಂದ ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ದೂರ ಇದ್ದ.

ಫಸ್ಟ್ ಬೇಸ್ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿದರು. ಸೇಫ್.

ಮೈದಾನ ಕೂಗಿತು. ಕಬ್ರೆರಾ ತಲೆ ಮೇಲೆ ಕೈ ಹೊತ್ತ. ಗಲರಾಗ ಮಾತ್ರ ಅಂಪೈರ್ ಮುಖ ನೋಡಿ ನಕ್ಕ. ವ್ಯಂಗ್ಯದ ನಗು ಅಲ್ಲ, ‘ಹೌದಾ?’ ಅನ್ನೋ ಥರದ ನಗು. ವಾಪಸ್ ಹೋಗಿ ಚೆಂಡು ತಗೊಂಡು 28ನೆಯವನನ್ನು ಔಟ್ ಮಾಡಿ ಪಂದ್ಯ ಗೆಲ್ಲಿಸಿದ. 88 ಎಸೆತ, 3-0.

(9/10) ಮರುದಿನ ಮಧ್ಯಾಹ್ನ

ಕ್ರಿಕೆಟ್‌ನಲ್ಲಾದರೆ ರಿವ್ಯೂ ತಗೋತಿದ್ರು. ಆಗ ಬೇಸ್‌ಬಾಲ್‌ನಲ್ಲಿ ಇಂಥ ತೀರ್ಪಿಗೆ ರೀಪ್ಲೇ ನೋಡೋ ನಿಯಮ ಇರಲಿಲ್ಲ.

ಜಿಮ್ ಜಾಯ್ಸ್ ಕೆಟ್ಟ ಅಂಪೈರ್ ಆಗಿರಲಿಲ್ಲ. ಎರಡು ದಶಕಕ್ಕೂ ಮೀರಿದ ಅನುಭವ. ಅದೇ ಜೂನ್ ತಿಂಗಳಲ್ಲಿ ಕ್ರೀಡಾ ಚಾನೆಲ್ ಒಂದು 100 ಆಟಗಾರರನ್ನು ಕೇಳಿದಾಗ, ಅತ್ಯುತ್ತಮ ಅಂಪೈರ್ ಎಂದು ಅವರು ಆರಿಸಿದ್ದು ಜಾಯ್ಸ್ ಅವರನ್ನೇ. ಒಳ್ಳೆಯವರೂ ತಪ್ಪು ಮಾಡ್ತಾರೆ, ಅದೂ ಅತಿ ಕೆಟ್ಟ ಹೊತ್ತಿನಲ್ಲಿ.

ಪಂದ್ಯ ಮುಗಿದ ಮೇಲೆ ಅವರು ವಿಡಿಯೊ ನೋಡಿದರು. ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ‘ಆ ಕೋನದಿಂದ ಹಾಗೆ ಕಾಣ್ತು’ ಅನ್ನಬಹುದಿತ್ತು. ಬದಲಿಗೆ ಪತ್ರಕರ್ತರ ಎದುರು, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ನೇರವಾಗಿ ಒಪ್ಪಿಕೊಂಡರು. ಗಲರಾಗನನ್ನು ಭೇಟಿಯಾಗಿ ಅಳುತ್ತಾ ಕ್ಷಮೆ ಕೇಳಿದರು. ಗಲರಾಗ ತಬ್ಬಿಕೊಂಡ. ಆಮೇಲೆ ಪತ್ರಕರ್ತರಿಗೆ, ಪರ್ಫೆಕ್ಟ್ ಅಂತ ಯಾರೂ ಇರಲ್ಲ ಅಂದ.

ಮರುದಿನ ಮಧ್ಯಾಹ್ನ ಅದೇ ಎರಡು ತಂಡಗಳ ಪಂದ್ಯ. ಜಾಯ್ಸ್ ಅವತ್ತು ಹೋಮ್ ಅಂಪೈರ್. ಪಂದ್ಯಕ್ಕೆ ಮುಂಚೆ ಟೈಗರ್ಸ್ ಪಟ್ಟಿ ಹಿಡಿದು ಯಾರು ಬಂದರು ಗೊತ್ತಾ? ಗಲರಾಗ. ಪಟ್ಟಿ ಕೈಗಿಟ್ಟ. ಜಾಯ್ಸ್ ಕಣ್ಣು ಒರೆಸಿಕೊಂಡರು, ಅವನ ಭುಜ ತಟ್ಟಿದರು. ಹಿಂದಿನ ರಾತ್ರಿ ಕೂಗಾಡಿದ್ದ ಊರಿನ ಜನರಲ್ಲಿ ಬಹಳಷ್ಟು ಮಂದಿ ಚಪ್ಪಾಳೆ ತಟ್ಟಿದರು.

ಒಮ್ಮೆ 6ನೇ ಭಾಗಕ್ಕೆ ವಾಪಸ್ ಹೋಗಿ. 1939, ಅದೇ ಡೆಟ್ರಾಯಿಟ್. ಅಂಪೈರ್‌ಗಳ ಕೈಗೆ ಒಂದು ಪಟ್ಟಿ, ಅದನ್ನು ಕೊಡೋಕೆ ಬಂದವನು ಏನನ್ನೋ ಕಳೆದುಕೊಂಡವನು, ಚಪ್ಪಾಳೆ ತಟ್ಟುವ ಜನ. 71 ವರ್ಷದ ಅಂತರದಲ್ಲಿ ಹೆಚ್ಚುಕಮ್ಮಿ ಒಂದೇ ಚಿತ್ರ.

(10/10) ಹಾಗಾದ್ರೆ ಪುಸ್ತಕ ತಿದ್ದಬೇಕಾ?

ಆಗಿನ ಕಮಿಷನರ್ ಬಡ್ ಸೆಲಿಗ್ ತೀರ್ಪು ಬದಲಿಸಲಿಲ್ಲ. ದಾಖಲೆಯಲ್ಲಿ ಅದು ಇವತ್ತಿಗೂ ಒಂದು ಹಿಟ್ ಕೊಟ್ಟ ಪಂದ್ಯ ಮಾತ್ರ. 2014ರಲ್ಲಿ ಬೇಸ್‌ಬಾಲ್ ರೀಪ್ಲೇ ನಿಯಮವನ್ನು ವಿಸ್ತರಿಸಿತು, ಇಂಥ ತೀರ್ಪನ್ನು ಈಗ ಪ್ರಶ್ನಿಸಬಹುದು. ಗಲರಾಗನಿಗೆ ಅದು ತಡವಾಯಿತು. 2022ರಲ್ಲಿ ನ್ಯೂ ಜೆರ್ಸಿಯ ಮಾನ್‌ಮತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ನಮ್ಮ ನಿಮ್ಮಂಥವರೇ, ಇದನ್ನು ತಿದ್ದಿ ಅಂತ ಲೀಗ್‌ಗೆ ಮನವಿ ಬರೆದರು. ಆದರೂ ತಿದ್ದಿಲ್ಲ.

ತಿದ್ದಬೇಕು ಅನ್ನೋರ ವಾದ ಗಟ್ಟಿಯಾಗಿದೆ. ಮುಂದಿನವನು ಔಟ್ ಆಗಿದ್ದರಿಂದ ಆ ತೀರ್ಪು ತೆಗೆದರೂ ಪಂದ್ಯದ ಫಲಿತಾಂಶ ಬದಲಾಗಲ್ಲ, ಯಾರಿಗೂ ನಷ್ಟ ಇಲ್ಲ. ತಪ್ಪು ಮಾಡಿದವರೇ ಒಪ್ಪಿಕೊಂಡಿದ್ದಾರೆ. ಬೇಡ ಅನ್ನೋರದ್ದೂ ಒಂದು ಮಾತಿದೆ: ಒಂದು ತಿದ್ದಿದರೆ ನೂರು ವರ್ಷದ ಎಲ್ಲ ತಪ್ಪುಗಳೂ ಬಾಗಿಲು ತಟ್ಟುತ್ತವೆ.

ನನಗೆ ಕೇಳಿದರೆ, ತಿದ್ದಲಿ. ಸತ್ಯ ಬರೆಯೋಕೆ ಪುಸ್ತಕ ಹೆದರಬಾರದು. ಪಿಪ್‌ನ ತಲೆನೋವಿನ ಕಥೆಯನ್ನ ನಾವು ತಿದ್ದಿಕೊಂಡ ಹಾಗೆ. ಆದರೆ ತಿದ್ದಿದರೂ ತಿದ್ದದಿದ್ದರೂ ಒಂದು ವಿಷಯ ಬದಲಾಗಲ್ಲ. ಪರ್ಫೆಕ್ಟ್ ಗೇಮ್ ಆಡಿದವರ ಪಟ್ಟಿಯಲ್ಲಿ ನಿಮಗೆ ಎಷ್ಟು ಹೆಸರು ಗೊತ್ತು? ನನಗೂ ಹೆಚ್ಚು ಗೊತ್ತಿಲ್ಲ. ಗಲರಾಗನ ನಗು ಮಾತ್ರ ಮರೆಯಲ್ಲ.

ಗೆರಿಗ್‌ನ 2,130 ಕೂಡ ಉಳಿಯಲಿಲ್ಲ. 1995ರ ಸೆಪ್ಟೆಂಬರ್ 6ರಂದು ಬಾಲ್ಟಿಮೋರ್‌ನ ಕಾಲ್ ರಿಪ್ಕೆನ್ ಅದನ್ನು ದಾಟಿದ. ಆದರೂ 2021ರಿಂದ ಅಮೆರಿಕದ ದೊಡ್ಡ ಲೀಗ್‌ಗಳು ಪ್ರತಿ ಜೂನ್ 2ನ್ನು ಲೂ ಗೆರಿಗ್ ದಿನ ಅಂತ ಆಚರಿಸುತ್ತವೆ. ಅವತ್ತು ಆಟಗಾರರ ಅಂಗಿಯ ಮೇಲೆ 4ರ ಗುರುತು ಇರುತ್ತದೆ. ಎ.ಎಲ್.ಎಸ್ ಇರುವವರಿಗಾಗಿ ಹಣ ಕೂಡಿಸುತ್ತಾರೆ. 2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆಯಾ? ತಲೆ ಮೇಲೆ ತಣ್ಣೀರು ಸುರಿದುಕೊಂಡು ವಿಡಿಯೊ ಹಾಕ್ತಿದ್ರಲ್ಲ, ಅದೂ ಇದೇ ಕಾಯಿಲೆಗೆ. ಅದನ್ನು ಹಬ್ಬಿಸಿದವರಲ್ಲಿ ಪೀಟ್ ಫ್ರೇಟ್ಸ್ ಒಬ್ಬ. ಕಾಲೇಜು ಬೇಸ್‌ಬಾಲ್ ಆಟಗಾರ, ಅವನಿಗೂ ಎ.ಎಲ್.ಎಸ್ ಇತ್ತು.

ಜಾಗ ಯಾರದ್ದೂ ಶಾಶ್ವತ ಅಲ್ಲ. ಪಿಪ್‌ನದ್ದು ಗೆರಿಗ್‌ಗೆ, ಗೆರಿಗ್‌ನದ್ದು ಡಾಲ್‌ಗ್ರೆನ್‌ಗೆ, ರೂತ್‌ನ ದಾಖಲೆ ಆರನ್‌ಗೆ. ಒಬ್ಬ ಜಗಳವಾಡಿ ಹೋದ, ಒಬ್ಬ ಪಟ್ಟಿ ತಾನೇ ಒಯ್ದು ಕೊಟ್ಟ, ಒಬ್ಬ ನಕ್ಕ, ಒಬ್ಬರು ತಪ್ಪು ಒಪ್ಪಿಕೊಂಡು ಅತ್ತರು. ರೂತ್‌ನನ್ನು ಹೀಯಾಳಿಸ್ತಿಲ್ಲ. 714 ಹೊಡೆದವನಿಗೂ ಬಿಡೋದು ಎಷ್ಟು ಕಷ್ಟ ಅಂತ ಅವನಿಂದಲೇ ಗೊತ್ತಾಗೋದು.

ಆ ಕ್ವಿಜ್ ಗೆಳತಿಗೆ ಹೋದ ವಾರ ಮೆಸೇಜ್ ಮಾಡಿ ಹೇಳಿದೆ, ನಿನಗೆ ಸಿಕ್ಕಿದ್ದು ನನ್ನ ಜ್ವರದಿಂದ ಅಲ್ಲ ಅಂತ. ‘ಗೊತ್ತು ಬಿಡೋ’ ಅಂತ ನಗುವ ಮುಖ ಕಳಿಸಿದಳು.

ಈಗ ನಿಮ್ಮ ಸರದಿ. ಗಲರಾಗನ ದಾಖಲೆ ತಿದ್ದಬೇಕಾ, ಬೇಡವಾ? ಒಂದೇ ಪದ ಬೇಡ, ಕಾರಣ ಕೂಡ ಬರೀರಿ. ನಿಮ್ಮ ಜಾಗದಲ್ಲಿ ಕೂತಿರೋ ಯಾರಾದರೂ ಇದ್ದರೆ ಅವರನ್ನೂ ಟ್ಯಾಗ್ ಮಾಡಿ.

#ಇದೇದಿನ #ಜೂನ್2 #ಬೇಸ್‌ಬಾಲ್‌ಕಥೆಗಳು #ಲೂಗೆರಿಗ್ #ಕನ್ನಡದಲ್ಲಿಇತಿಹಾಸ